ಕೆಲಸ ಬಿಡದೆ ಓದು ಮುಂದುವರಿಸುವುದು ಹೇಗೆ: ದೂರಶಿಕ್ಷಣ, ಸಂಜೆ ಕಾಲೇಜು, ಆನ್‌ಲೈನ್ ಕೋರ್ಸು ಹುಡುಕುವವರಿಗೆ ಸಮಗ್ರ ಮಾರ್ಗದರ್ಶಿ

ಮೂವತ್ತು, ನಲವತ್ತರ ವಯಸ್ಸಿನಲ್ಲಿ ಮತ್ತೆ ಪುಸ್ತಕ ಹಿಡಿದವರು ಬುದ್ಧಿ ಸಾಲದೆ ಓದು ಬಿಡುವುದು ಅಪರೂಪ. ಫೀ ಕಟ್ಟುವ ಮೊದಲೇ ನೋಡಬೇಕಿದ್ದದ್ದನ್ನು ನೋಡದೆ ಹೋದದ್ದರಿಂದಲೇ ಹೆಚ್ಚಿನವರ ಓದು ನಿಲ್ಲುತ್ತದೆ. ಮೂರು ವರ್ಷ ಓದಿದ ಮೇಲೆ ಆ ಡಿಗ್ರಿ ತಮ್ಮ ಇಲಾಖೆಯಲ್ಲಿ ಬಡ್ತಿಗೆ ನಡೆಯುವುದಿಲ್ಲ ಎಂದು ಗೊತ್ತಾಗುತ್ತದೆ. ಆಧಾರ್‌ನ ಹೆಸರಿಗೂ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರಿಗೂ ತಾಳೆಯಾಗದೆ ಕೊನೆಯ ದಿನ ಅರ್ಜಿ ನಿಂತುಬಿಡುತ್ತದೆ. ವಾರಕ್ಕೆ ಎಷ್ಟು ಗಂಟೆ ಬೇಕೆಂದು ಲೆಕ್ಕ ಹಾಕದೆ ಸೇರಿದವರು ಮೊದಲ ಅಸೈನ್‌ಮೆಂಟ್‌ಗೇ ಕೈಚೆಲ್ಲುತ್ತಾರೆ. ಇವೆಲ್ಲ ಒಂದೆರಡು ವಾರ ಮುಂಚೆ ಕೂತು ಮಾಡಿದರೆ ತಪ್ಪಿಸಬಹುದಾದ ನಷ್ಟಗಳು. ಕೆಳಗಿನ ಕ್ರಮ ಅದಕ್ಕಾಗಿಯೇ ಇರುವುದು. ಕೋರ್ಸಿನ ಹೆಸರು ಇದರಲ್ಲಿ ತಡವಾಗಿ ಬರುತ್ತದೆ, ಬರಬೇಕಾದದ್ದೂ ಹಾಗೆಯೇ.

ಮೊದಲ ಹೆಜ್ಜೆ: ಈ ಪ್ರಮಾಣಪತ್ರವನ್ನು ಯಾರಿಗೆ ತೋರಿಸಬೇಕು?

ಒಂದು ಹಾಳೆಯ ಮೇಲೆ ಒಂದೇ ವಾಕ್ಯ ಬರೆಯಿರಿ: ‘ಈ ಓದು ಮುಗಿದ ಮೇಲೆ ನಾನು ಈ ಪ್ರಮಾಣಪತ್ರವನ್ನು ಇಂಥವರ ಮುಂದೆ ಇಡುತ್ತೇನೆ.’ ಇಡುವುದು ಕೆಪಿಎಸ್‌ಸಿ ಮುಂದೆಯೋ, ಈಗಿರುವ ಕಂಪನಿಯ ಎಚ್‌ಆರ್ ಮುಂದೆಯೋ, ಬಿ.ಇಡಿ ಕಾಲೇಜಿನಲ್ಲೋ, ಸಾಲ ಕೊಡುವ ಬ್ಯಾಂಕಿನಲ್ಲೋ? ಯಾರಿಗೂ ತೋರಿಸಬೇಕಿಲ್ಲ, ಕಲಿತರೆ ಸಾಕು ಎನ್ನುವವರ ದಾರಿಯೇ ಬೇರೆ. ಅದು ಅಗ್ಗ, ಬೇಗ ಮುಗಿಯುತ್ತದೆ. ಅದರ ವಿಷಯ ಕೊನೆಯಲ್ಲಿದೆ.

ಸರ್ಕಾರಿ ಹುದ್ದೆ ಅಥವಾ ಬಡ್ತಿ ಗುರಿಯಾಗಿದ್ದರೆ ಆ ಇಲಾಖೆಯ ವೃಂದ ಮತ್ತು ನೇಮಕಾತಿ ನಿಯಮಗಳನ್ನು, ಅದಿಲ್ಲದಿದ್ದರೆ ಹಿಂದಿನ ನೇಮಕಾತಿ ಅಧಿಸೂಚನೆಯನ್ನು ತೆಗೆದು ವಿದ್ಯಾರ್ಹತೆಯ ಸಾಲನ್ನು ಅಕ್ಷರಕ್ಷರ ಓದಿ. ‘ಯಾವುದೇ ಪದವಿ’ ಎಂದಿದೆಯೋ, ‘ಇಂಥ ವಿಷಯದಲ್ಲಿ ಪದವಿ’ ಎಂದಿದೆಯೋ, ಕನಿಷ್ಠ ಶೇಕಡಾವಾರು ಅಂಕ ಕೇಳಿದ್ದಾರೋ ನೋಡಿ. ಪ್ರಥಮ ದರ್ಜೆ ಸಹಾಯಕ ಹುದ್ದೆಗೆ ಪದವಿ ಬೇಕು, ದ್ವಿತೀಯ ದರ್ಜೆಗೆ ಪಿಯುಸಿ ಅಥವಾ ತತ್ಸಮಾನ ಸಾಕು. ಎರಡನೆಯದೇ ಗುರಿಯಾಗಿದ್ದವರು ಪದವಿಗೆ ಸೇರಿ ಮೂರು ವರ್ಷ ಕಳೆಯುವ ಅಗತ್ಯವಿಲ್ಲ.

ಈಗಾಗಲೇ ಸರ್ಕಾರಿ ನೌಕರಿಯಲ್ಲಿದ್ದರೆ ಸೇರುವ ಮುಂಚೆಯೇ ನೇಮಕಾತಿ ಪ್ರಾಧಿಕಾರದಿಂದ ಲಿಖಿತ ಅನುಮತಿ ಪಡೆಯಿರಿ. ಪಾಸಾದ ಮೇಲೆ ಅಂಕಪಟ್ಟಿ ಹಿಡಿದುಕೊಂಡು ಹೋಗಿ ಸೇವಾ ಪುಸ್ತಕದಲ್ಲಿ ನಮೂದಿಸಿ ಎಂದು ಕೇಳಿದಾಗ ಕಚೇರಿಯಲ್ಲಿ ಬರುವ ಮೊದಲ ಪ್ರಶ್ನೆ ‘ಪೂರ್ವಾನುಮತಿ ಎಲ್ಲಿ?’ ಎಂಬುದು. ಅರ್ಜಿಯಲ್ಲಿ ಕೋರ್ಸಿನ ಹೆಸರು, ವಿಶ್ವವಿದ್ಯಾಲಯ, ದೂರಶಿಕ್ಷಣವೋ ಸಂಜೆ ತರಗತಿಯೋ ಎಂಬುದು, ಕಚೇರಿ ವೇಳೆಗೆ ಅಡ್ಡಿಯಾಗುವುದಿಲ್ಲ ಎಂಬ ಒಂದು ಸಾಲು ಇರಲಿ. ಅದಕ್ಕೆ ಸ್ವೀಕೃತಿ ಪಡೆದ ಪ್ರತಿಯನ್ನು ಜೋಪಾನವಾಗಿಡಿ.

ಎರಡನೆಯದು: ಓದು ಎಲ್ಲಿ ನಿಂತಿತೋ ಅಲ್ಲಿಂದಲೇ ಹತ್ತಬೇಕು

ಮೆಟ್ಟಿಲು ಹಾರುವ ಆಸೆ ದೊಡ್ಡದು. ‘ಪಿಯುಸಿ ಬೇಡ, ವಯಸ್ಸಿನ ಆಧಾರದ ಮೇಲೆ ನೇರವಾಗಿ ಡಿಗ್ರಿ’ ಎನ್ನುವ ಮಾತು ಒಂದು ಕಾಲದಲ್ಲಿ ಮುಕ್ತ ವಿಶ್ವವಿದ್ಯಾಲಯಗಳ ಸುತ್ತ ಸಾಮಾನ್ಯವಾಗಿತ್ತು. ಹಾಗೆ ಪಡೆದ ಪದವಿ ಇಟ್ಟುಕೊಂಡು ಕಾನೂನು ಕಾಲೇಜಿಗೆ ಹೋದವರನ್ನು ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳು ಬಾಗಿಲಲ್ಲೇ ತಡೆಯುತ್ತವೆ. ಮೂಲ ಅರ್ಹತೆ ಇಲ್ಲದೆ ಮುಕ್ತ ವ್ಯವಸ್ಥೆಯಲ್ಲಿ ನೇರವಾಗಿ ಪಡೆದ ಪಿಯುಸಿಯಾಗಲಿ ಪದವಿಯಾಗಲಿ ಎಲ್‌ಎಲ್‌ಬಿಗೆ ನಡೆಯುವುದಿಲ್ಲ. ಹತ್ತು, ಹನ್ನೆರಡು, ಆಮೇಲೆ ಮೂರು ವರ್ಷದ ಪದವಿ ಎಂಬ ಸರಪಳಿ ತುಂಡಾಗದೆ ಇದ್ದರೆ ಮಾತ್ರ ಮುಂದೆ ಎಲ್ಲ ಬಾಗಿಲೂ ತೆರೆದಿರುತ್ತವೆ.

ಎಸ್ಸೆಸ್ಸೆಲ್ಸಿಯಲ್ಲಿ ಒಂದೆರಡು ವಿಷಯ ಬಾಕಿ ಉಳಿದಿದ್ದರೆ, ಹಳೆಯ ಶಾಲೆಯ ಮುಖ್ಯೋಪಾಧ್ಯಾಯರನ್ನು ಕಂಡು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿಯ ಪರೀಕ್ಷೆಗೆ ಪುನರಾವರ್ತಿತ ಅಭ್ಯರ್ಥಿಯಾಗಿ ಅರ್ಜಿ ಹಾಕುವುದೇ ಅತ್ಯಂತ ಹತ್ತಿರದ ದಾರಿ. ಹತ್ತನೆಯ ತರಗತಿಯನ್ನೇ ನೋಡದವರಿಗೆ ಖಾಸಗಿ ಅಭ್ಯರ್ಥಿಯಾಗಿ ನೋಂದಾಯಿಸಿಕೊಳ್ಳುವ ಅವಕಾಶ ಅಲ್ಲೇ ಇದೆ. ಇನ್ನೊಂದು ದಾರಿ ಎನ್‌ಐಒಎಸ್, ಅಂದರೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ. ಇಲ್ಲಿ ಗರಿಷ್ಠ ವಯೋಮಿತಿ ಇಲ್ಲ. ಕನಿಷ್ಠ ಒಂದು ಭಾಷೆ ಸೇರಿ ಐದು ವಿಷಯ ಪಾಸಾದರೆ ಸಾಕು. ಒಮ್ಮೆ ಸೇರಿದರೆ ಐದು ವರ್ಷದ ಅವಧಿಯಲ್ಲಿ ಒಂಬತ್ತು ಬಾರಿ ಪರೀಕ್ಷೆಗೆ ಕೂರುವ ಅವಕಾಶ ಸಿಗುತ್ತದೆ, ಐದೂ ವಿಷಯವನ್ನು ಒಂದೇ ಸಲ ಬರೆಯಬೇಕೆಂದಿಲ್ಲ. ಮನೆ, ಕೆಲಸ ಎರಡನ್ನೂ ತೂಗಿಸುವವರಿಗೆ ಇದು ದೊಡ್ಡ ಅನುಕೂಲ. ಮುಖ್ಯ ಪರೀಕ್ಷೆ ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್‌ನಲ್ಲಿ ನಡೆಯುತ್ತದೆ. ಬೇರೆ ಮಂಡಳಿಯಲ್ಲಿ ಪಾಸಾದ ಎರಡು ವಿಷಯಗಳವರೆಗೆ ಅಂಕ ವರ್ಗಾಯಿಸಿಕೊಳ್ಳಬಹುದು, ಹಾಗಾಗಿ ಫೇಲಾದ ಹಳೆಯ ಅಂಕಪಟ್ಟಿಯನ್ನೂ ಬಿಸಾಡಬೇಡಿ. ಅರ್ಜಿ ತುಂಬುವಾಗ ಮಾಧ್ಯಮದ ಪಟ್ಟಿಯನ್ನು ವಿಷಯವಾರು ನೋಡಿ. ಎಲ್ಲ ವಿಷಯದ ಪುಸ್ತಕವೂ ನಿಮಗೆ ಬೇಕಾದ ಭಾಷೆಯಲ್ಲಿ ಇರುತ್ತದೆಂದು ಭಾವಿಸಬೇಡಿ.

ಐಟಿಐ, ಡಿಪ್ಲೊಮಾ ಮಾಡಿದವರು ಒಂದು ವ್ಯತ್ಯಾಸ ಗಮನಿಸಬೇಕು. ನೇಮಕಾತಿಗೆ ಪಿಯುಸಿಗೆ ಸಮಾನ ಎಂದು ಒಪ್ಪಿದ್ದು ಪದವಿ ಪ್ರವೇಶಕ್ಕೂ ಸಮಾನವಾಗಿಯೇ ಇರಬೇಕೆಂದಿಲ್ಲ. ಸೇರಬೇಕೆಂದಿರುವ ವಿಶ್ವವಿದ್ಯಾಲಯದ ಆ ವರ್ಷದ ಪ್ರಾಸ್ಪೆಕ್ಟಸ್‌ನಲ್ಲಿ ‘ಅರ್ಹತೆ’ ಪುಟದಲ್ಲಿ ನಿಮ್ಮ ಕೋರ್ಸಿನ ಹೆಸರು ಅಚ್ಚಾಗಿದ್ದರೆ ಮಾತ್ರ ನಂಬಿ.

ಪದವಿಯನ್ನು ಅರ್ಧಕ್ಕೆ ಬಿಟ್ಟವರು ಹೊಸದಾಗಿ ಸೇರುವ ಮುಂಚೆ ಹಳೆಯ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದಲ್ಲಿ ಒಮ್ಮೆ ವಿಚಾರಿಸಿ. ಗರಿಷ್ಠ ಅವಧಿ ಮೀರಿದವರಿಗೆ ವಿಶ್ವವಿದ್ಯಾಲಯಗಳು ಆಗೊಮ್ಮೆ ಈಗೊಮ್ಮೆ ಕೊನೆಯ ಅವಕಾಶ ಕೊಡುವುದುಂಟು. ಎರಡು ಪೇಪರ್ ಬಾಕಿ ಇರುವವರು ಮತ್ತೆ ಮೂರು ವರ್ಷ ಓದುವುದಕ್ಕಿಂತ ಆ ಪ್ರಕಟಣೆಗೆ ಕಾಯುವುದು ಮೇಲು.

ಮೂರನೆಯದು: ಗಂಟೆಗಳ ಲೆಕ್ಕ

ಇದನ್ನು ಬಹುತೇಕರು ಹಾಕುವುದೇ ಇಲ್ಲ. ದೂರಶಿಕ್ಷಣದಲ್ಲಿ ಒಂದು ಕ್ರೆಡಿಟ್ ಎಂದರೆ 30 ಗಂಟೆಯ ಓದು. ಪುಸ್ತಕ ಓದುವುದು, ಅಸೈನ್‌ಮೆಂಟ್ ಬರೆಯುವುದು, ತರಗತಿಗೆ ಹೋಗುವುದು ಎಲ್ಲವೂ ಅದರಲ್ಲೇ ಸೇರಿದೆ. ವರ್ಷಕ್ಕೆ 40 ಕ್ರೆಡಿಟ್ ಇರುವ ಪದವಿಗೆ 1,200 ಗಂಟೆ, ವಾರಕ್ಕೆ ಸುಮಾರು 23 ಗಂಟೆ.

ಈಗ ನಿಮ್ಮ ವಾರ ನೋಡಿ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಕೆಲಸ, ಬಸ್ಸಿನಲ್ಲಿ ಎರಡು ಗಂಟೆ. ಬೆಳಗಿನ ಐದರಿಂದ ಆರರವರೆಗೆ ಓದಿದರೆ ವಾರದ ಐದು ದಿನಕ್ಕೆ 5 ಗಂಟೆ. ಶನಿವಾರ 3, ಭಾನುವಾರ 5. ಒಟ್ಟು 13. ಹಬ್ಬ, ಮದುವೆ, ಜ್ವರ, ಮಕ್ಕಳ ಪರೀಕ್ಷೆ ಎಂದು ವರ್ಷಕ್ಕೆ ಎಂಟು ವಾರ ಬಿಟ್ಟರೆ ಉಳಿಯುವ 44 ವಾರಕ್ಕೆ 572 ಗಂಟೆ. ಬೇಕಾದದ್ದರ ಅರ್ಧವೂ ಆಗಲಿಲ್ಲ. ಅಂದರೆ ಈ ವೇಗದಲ್ಲಿ ಮೂರು ವರ್ಷದ ಪದವಿಗೆ ಆರು ವರ್ಷ ಸಾಲುವುದೂ ಕಷ್ಟ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದಲ್ಲಿ (ಇಗ್ನೋ) ಮೂರು ವರ್ಷದ ಪದವಿಗೆ ಇರುವ ಗರಿಷ್ಠ ಅವಧಿಯೂ ಆರು ವರ್ಷವೇ.

ಹಾಗಂತ ಹೆದರಬೇಕಿಲ್ಲ. ಅಂಗಡಿಯ ಲೆಕ್ಕ ಬರೆಯುವವರಿಗೆ ಬಿ.ಕಾಂನ ಅಕೌಂಟೆನ್ಸಿಗೆ ಅಷ್ಟು ಗಂಟೆ ಬೇಕಾಗುವುದಿಲ್ಲ. ಅಂಗನವಾಡಿಯಲ್ಲಿ ದುಡಿದವರಿಗೆ ಸಮಾಜಕಾರ್ಯದ ಅರ್ಧ ಪಾಠ ಕೈಯಲ್ಲೇ ಇರುತ್ತದೆ. ನಿಮ್ಮ ದಿನದ ಕೆಲಸಕ್ಕೆ ಹತ್ತಿರದ ವಿಷಯ ಆರಿಸಿ ಎನ್ನುವುದು ಇದಕ್ಕೇ. ಇಂಗ್ಲಿಷ್ ಪುಸ್ತಕ ಓದುವ ರೂಢಿ ಇಲ್ಲದವರು ಅದೇ ಪುಟಕ್ಕೆ ದುಪ್ಪಟ್ಟು ಹೊತ್ತು ಬೇಕೆಂದು ಲೆಕ್ಕದಲ್ಲಿ ಸೇರಿಸಿಕೊಳ್ಳಿ. ವಾರಕ್ಕೆ ಎಂಟು ಗಂಟೆಯೂ ಸಿಗುವುದಿಲ್ಲ ಎಂದಾದರೆ ಈ ವರ್ಷ ಪದವಿ ಬೇಡ. ಆರು ತಿಂಗಳ ಸರ್ಟಿಫಿಕೇಟ್ ಕೋರ್ಸಿನಿಂದ ಶುರು ಮಾಡಿ, ಓದುವ ಅಭ್ಯಾಸ ಮರಳಿ ಬಂದ ಮೇಲೆ ಮುಂದಿನದನ್ನು ನೋಡಿ.

ಲೆಕ್ಕವನ್ನು ಹಾಳೆಯ ಮೇಲೆ ಬಿಡದೆ ಎರಡು ವಾರ ಪ್ರಯೋಗ ಮಾಡಿ. ಇಗ್ನೋದ ಪಠ್ಯಗಳು ಇ-ಜ್ಞಾನಕೋಶ ಜಾಲತಾಣದಲ್ಲಿ ಯಾರಿಗಾದರೂ ಉಚಿತವಾಗಿ ಸಿಗುತ್ತವೆ. ಸೇರಬೇಕೆಂದಿರುವ ಕೋರ್ಸಿನ ಒಂದು ಘಟಕ ಇಳಿಸಿಕೊಂಡು ಬೆಳಗಿನ ಐದಕ್ಕೆ ನಿಜವಾಗಿಯೂ ಏಳುತ್ತೀರೋ, ಒಂದು ಗಂಟೆಯಲ್ಲಿ ಎಷ್ಟು ಪುಟ ಸಾಗುತ್ತದೋ ನೋಡಿ.

ನಾಲ್ಕನೆಯದು: ಯಾವ ಬಗೆಯ ಓದು?

‘ಕರೆಸ್ಪಾಂಡೆನ್ಸ್’ ಎಂದು ಜನ ಒಂದೇ ಹೆಸರಿನಲ್ಲಿ ಕರೆಯುವುದರಲ್ಲಿ ಬೇರೆ ಬೇರೆ ಬಗೆಗಳಿವೆ, ಒಂದರ ನಿಯಮ ಇನ್ನೊಂದಕ್ಕೆ ಹೊಂದುವುದಿಲ್ಲ.

ದೂರಶಿಕ್ಷಣದಲ್ಲಿ ಕನ್ನಡಿಗರಿಗೆ ಮುಖ್ಯವಾದವು ಎರಡು. 1996ರಲ್ಲಿ ಮೈಸೂರಿನಲ್ಲಿ ಶುರುವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ (ಕೆಎಸ್‌ಒಯು), ಮತ್ತು 1985ರ ಇಗ್ನೋ. ಇಗ್ನೋಗೆ ಬೆಂಗಳೂರು ಮತ್ತು ವಿಜಯಪುರದಲ್ಲಿ ಪ್ರಾದೇಶಿಕ ಕೇಂದ್ರಗಳಿವೆ. ಕನ್ನಡ ಮಾಧ್ಯಮದಲ್ಲಿ ಬಿ.ಎ, ಬಿ.ಕಾಂ ಓದಬೇಕೆನ್ನುವವರಿಗೆ ಕೆಎಸ್‌ಒಯು ಸಹಜ ಆಯ್ಕೆ. ಪುಸ್ತಕವೂ ಕನ್ನಡದಲ್ಲಿ, ಉತ್ತರ ಬರೆಯುವುದೂ ಕನ್ನಡದಲ್ಲಿ. ಇಗ್ನೋದ ಹೆಚ್ಚಿನ ಪಠ್ಯ ಇಂಗ್ಲಿಷ್ ಮತ್ತು ಹಿಂದಿಯಲ್ಲಿದೆ, ಆದರೆ ಕೋರ್ಸುಗಳ ಪಟ್ಟಿ ಬಹಳ ಉದ್ದ, ದೇಶದ ಯಾವ ಮೂಲೆಗೆ ವರ್ಗವಾದರೂ ಅಧ್ಯಯನ ಕೇಂದ್ರ ಬದಲಿಸಿಕೊಳ್ಳಬಹುದು. ಪುಣೆ, ಹೈದರಾಬಾದ್‌ಗಳಲ್ಲಿ ದುಡಿಯುವ ಕನ್ನಡಿಗರಿಗೆ ಇದು ಮುಖ್ಯವಾಗುತ್ತದೆ. ಯಾಕೆಂದರೆ ರಾಜ್ಯದ ಮುಕ್ತ ವಿಶ್ವವಿದ್ಯಾಲಯ ದೂರಶಿಕ್ಷಣವನ್ನು ತನ್ನ ರಾಜ್ಯದ ಗಡಿಯೊಳಗೇ ನಡೆಸಬೇಕು.

ಆನ್‌ಲೈನ್ ಪದವಿಗೆ ಆ ಗಡಿಯ ಮಿತಿ ಇಲ್ಲ. ಪಾಠ, ಅಸೈನ್‌ಮೆಂಟ್ ಎಲ್ಲವೂ ಜಾಲದಲ್ಲಿ. ಐಐಟಿ ಮದ್ರಾಸ್‌ನ ಡೇಟಾ ಸೈನ್ಸ್ ಬಿ.ಎಸ್ ಇಂಥದ್ದಕ್ಕೆ ಒಳ್ಳೆಯ ಉದಾಹರಣೆ. ಜೆಇಇ ಬೇಡ, ನಾಲ್ಕು ವಾರದ ಪಾಠ ಓದಿ ಅರ್ಹತಾ ಪರೀಕ್ಷೆ ಪಾಸಾಗಬೇಕು, ಪರೀಕ್ಷೆಗಳನ್ನು ನಿಗದಿತ ಕೇಂದ್ರಕ್ಕೆ ಹೋಗಿಯೇ ಬರೆಯಬೇಕು. ಪದವಿಯವರೆಗೆ ಹೋಗದೆ ಸರ್ಟಿಫಿಕೇಟ್ ಅಥವಾ ಡಿಪ್ಲೊಮಾ ಹಂತದಲ್ಲೇ ನಿಲ್ಲಿಸಿ ಅದರ ಪ್ರಮಾಣಪತ್ರ ಪಡೆಯುವ ಅವಕಾಶವೂ ಇದೆ.

ಸಂಜೆ ಕಾಲೇಜು ದೂರಶಿಕ್ಷಣವಲ್ಲ. ಅದು ಆಯಾ ವಿಶ್ವವಿದ್ಯಾಲಯಕ್ಕೆ ಸೇರಿದ ರೆಗ್ಯುಲರ್ ಪದವಿ, ತರಗತಿ ಮಾತ್ರ ಸಂಜೆ. ಅಂಕಪಟ್ಟಿ ಹಗಲಿನವರಂತೆಯೇ ಇರುತ್ತದೆ, ಹಾಜರಾತಿಯ ಶೇ 75ರ ನಿಯಮವೂ ಹಾಗೆಯೇ. ಪಾಳಿ ಕೆಲಸದವರು ಇಲ್ಲಿ ಸಿಕ್ಕಿಬೀಳುತ್ತಾರೆ. ವಾರ ಬಿಟ್ಟು ವಾರ ರಾತ್ರಿ ಪಾಳಿ ಇದ್ದರೆ ಹಾಜರಾತಿ ಅರ್ಧಕ್ಕೆ ಬಂದು ಹಾಲ್ ಟಿಕೆಟ್ ನಿಲ್ಲುತ್ತದೆ. ಸೇರುವ ಮುಂಚೆ ಪಾಳಿ ಬದಲಿಸಿಕೊಡುತ್ತಾರೋ ಎಂದು ಮೇಲಿನವರನ್ನು ಕೇಳಿ, ಒಪ್ಪಿದರೆ ಬರಹದಲ್ಲಿ ಪಡೆಯಿರಿ.

ಡಿಪ್ಲೊಮಾ ಮುಗಿಸಿ ಕಾರ್ಖಾನೆಯಲ್ಲಿ ದುಡಿಯುತ್ತಿರುವವರು ಬಿ.ಇ ಮಾಡಬೇಕೆಂದರೆ ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಪರಿಷತ್ತಾದ ಎಐಸಿಟಿಇ ಒಪ್ಪಿದ ‘ದುಡಿಯುವ ವೃತ್ತಿಪರರ’ ಸೀಟುಗಳನ್ನು ಹುಡುಕಬೇಕು. ಅನುಭವದ ಪ್ರಮಾಣಪತ್ರ ಬೇಕು, ಕೆಲಸದ ಜಾಗ ಕಾಲೇಜಿನಿಂದ ನಿಗದಿತ ದೂರದೊಳಗಿರಬೇಕು, ತರಗತಿ ಸಂಜೆ ಮತ್ತು ವಾರಾಂತ್ಯದಲ್ಲಿ.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ದೂರಶಿಕ್ಷಣದಲ್ಲಿ ಬಿ.ಇ, ಎಂಬಿಬಿಎಸ್, ನರ್ಸಿಂಗ್, ಫಾರ್ಮಸಿ, ಫಿಸಿಯೋಥೆರಪಿ, ಪ್ಯಾರಾಮೆಡಿಕಲ್, ಆರ್ಕಿಟೆಕ್ಚರ್, ಕಾನೂನು, ಕೃಷಿ ಪದವಿ, ಹೋಟೆಲ್ ಮ್ಯಾನೇಜ್‌ಮೆಂಟ್ ಇಲ್ಲ. ಪಿಎಚ್.ಡಿಯೂ ಇಲ್ಲ. 2025ರ ಜುಲೈ-ಆಗಸ್ಟ್ ಪ್ರವೇಶ ಆವೃತ್ತಿಯಿಂದ ಮನಶ್ಶಾಸ್ತ್ರ, ಸೂಕ್ಷ್ಮಜೀವಶಾಸ್ತ್ರ, ಆಹಾರ ಮತ್ತು ಪೋಷಣೆಯಂಥ ಆರೋಗ್ಯ ಸಂಬಂಧಿ ವಿಷಯಗಳನ್ನೂ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ನಿಲ್ಲಿಸಿದೆ. ‘ಮನೆಯಲ್ಲೇ ಕೂತು ಎಲ್‌ಎಲ್‌ಬಿ’, ‘ಡಿಸ್ಟೆನ್ಸ್ ಬಿ.ಎಸ್ಸಿ ನರ್ಸಿಂಗ್’ ಎಂದು ಯಾರಾದರೂ ಹೇಳಿದರೆ ಮುಂದಿನ ಮಾತು ಕೇಳುವ ಅಗತ್ಯವೇ ಇಲ್ಲ. ಬಿ.ಇಡಿಯನ್ನು ದೂರಶಿಕ್ಷಣದಲ್ಲಿ ಕೊಡುತ್ತಾರೆ, ಆದರೆ ತರಬೇತಿ ಪಡೆದು ಈಗಾಗಲೇ ಪ್ರಾಥಮಿಕ ಹಂತದಲ್ಲಿ ಪಾಠ ಮಾಡುತ್ತಿರುವ ಶಿಕ್ಷಕರಿಗೆ, ಇಲ್ಲವೇ ಮಾನ್ಯತೆ ಪಡೆದ ಶಿಕ್ಷಕ ತರಬೇತಿಯನ್ನು ನೇರ ತರಗತಿಗೆ ಹೋಗಿ ಮುಗಿಸಿದವರಿಗೆ ಮಾತ್ರ. ಹೊಸಬರಿಗೆ ಅಲ್ಲ.

ಐದನೆಯದು: ಮಾನ್ಯತೆಯನ್ನು ನೀವೇ ತೆರೆದು ನೋಡಿ

ವಿಶ್ವವಿದ್ಯಾಲಯಕ್ಕೆ ಯುಜಿಸಿ ಮಾನ್ಯತೆ ಇದೆ ಎಂಬ ಮಾತು ಅರ್ಧ ಮಾತು. ದೂರಶಿಕ್ಷಣಕ್ಕೆ ಯುಜಿಸಿಯ ದೂರಶಿಕ್ಷಣ ಮಂಡಳಿ, ಅಂದರೆ ಡಿಇಬಿ, ಬೇರೆಯೇ ಅನುಮತಿ ಕೊಡುತ್ತದೆ. ಅದರ ಜಾಲತಾಣದಲ್ಲಿ ನೋಡಬೇಕಾದ್ದು ವಿಶ್ವವಿದ್ಯಾಲಯದ ಹೆಸರು, ನಿಮ್ಮ ಕೋರ್ಸಿನ ನಿಖರ ಹೆಸರು, ನೀವು ಸೇರುವ ಶೈಕ್ಷಣಿಕ ವರ್ಷ ಮತ್ತು ಆವೃತ್ತಿ, ಜೊತೆಗೆ ಅದು ದೂರಶಿಕ್ಷಣವೋ ಆನ್‌ಲೈನೋ ಎಂಬುದು. ನಾಲ್ಕೂ ಒಂದೇ ಸಾಲಿನಲ್ಲಿ ಕೂಡಿಬರಬೇಕು. ಬಿ.ಎ ಕನ್ನಡಕ್ಕೆ ಅನುಮತಿ ಇದ್ದ ಮಾತ್ರಕ್ಕೆ ಎಂ.ಬಿ.ಎಗೂ ಇದೆ ಎಂದಲ್ಲ.

ವರ್ಷ ಯಾಕೆ ಮುಖ್ಯ ಎನ್ನುವುದನ್ನು ಕರ್ನಾಟಕದ ವಿದ್ಯಾರ್ಥಿಗಳು ತುಂಬ ನೋವುಂಡು ಕಲಿತಿದ್ದಾರೆ. ಕೆಎಸ್‌ಒಯುವಿಗೆ 2012-13ರ ನಂತರದ ಮಾನ್ಯತೆ ಇಲ್ಲವೆಂದು ಯುಜಿಸಿ 2015ರಲ್ಲಿ ಪ್ರಕಟಿಸಿತು. ರಾಜ್ಯದ ಗಡಿಯಾಚೆ ಸಹಭಾಗಿ ಸಂಸ್ಥೆಗಳ ಮೂಲಕ ತಾಂತ್ರಿಕ ಕೋರ್ಸುಗಳನ್ನೂ ನಡೆಸಿದ್ದು ಅದಕ್ಕೆ ಮುಖ್ಯ ಕಾರಣ. ಮತ್ತೆ ಮಾನ್ಯತೆ ಸಿಕ್ಕಿದ್ದು 2018-19ರಿಂದ. ಆ ನಡುವಿನ ವರ್ಷಗಳಲ್ಲಿ ಸೇರಿದವರು ಅಂಕಪಟ್ಟಿ ಕೈಯಲ್ಲಿಟ್ಟುಕೊಂಡೇ ವರ್ಷಗಟ್ಟಲೆ ಅಲೆದರು. ಈಗ ಆ ತೊಂದರೆ ಇಲ್ಲ. ಆದರೂ ಯಾವುದೇ ವಿಶ್ವವಿದ್ಯಾಲಯವಿರಲಿ, ಹಣ ಕಟ್ಟುವ ದಿನ ಡಿಇಬಿ ಪುಟವನ್ನು ತೆರೆದು, ದಿನಾಂಕ ಕಾಣುವಂತೆ ಪ್ರಿಂಟ್ ತೆಗೆದು, ಫೀ ರಸೀದಿಯ ಜೊತೆ ಇಡಿ. ಹತ್ತು ವರ್ಷದ ಮೇಲೆ ಯಾರಾದರೂ ಕೇಳಿದರೆ ತೋರಿಸಲು ಅದು ಬೇಕಾಗುತ್ತದೆ.

ಮಾನ್ಯತೆ ಸರಿಯಾಗಿದ್ದರೆ ದೂರಶಿಕ್ಷಣದ ಪದವಿ ಕೀಳು ಎಂಬ ಅಂಜಿಕೆ ಬೇಡ. ಯುಜಿಸಿಯ 2020ರ ನಿಯಮಾವಳಿಯಂತೆ ಅದು ರೆಗ್ಯುಲರ್ ಪದವಿಗೆ ಸಮಾನ, 2022ರ ಸೆಪ್ಟೆಂಬರ್‌ನಲ್ಲಿ ಇದನ್ನು ಮತ್ತೊಮ್ಮೆ ಸ್ಪಷ್ಟಪಡಿಸಲಾಗಿದೆ. ಯಾರಾದರೂ ಎಚ್‌ಆರ್ ಅಧಿಕಾರಿ ಅನುಮಾನಪಟ್ಟರೆ ಆ ಪ್ರಕಟಣೆಯ ಪ್ರತಿಯನ್ನು ಮುಂದಿಡಿ. ಒಂದೇ ಕಾಲಕ್ಕೆ ಎರಡು ಪದವಿ ಓದಲು 2022ರ ಏಪ್ರಿಲ್‌ನಿಂದ ಅವಕಾಶವಿದೆ, ದುಡಿಯುವವರಿಗೆ ಅದು ಅಷ್ಟೇನೂ ಜಾಣತನದ ಆಯ್ಕೆಯಲ್ಲ.

ಮೋಸದ ಗುರುತುಗಳು ಕೆಲವೇ. ಕರೆಂಟ್ ಕಂಬಕ್ಕೆ ಅಂಟಿಸಿದ ‘ಒಂದೇ ವರ್ಷದಲ್ಲಿ ಡಿಗ್ರಿ’, ‘ಒನ್ ಸಿಟ್ಟಿಂಗ್’ ಚೀಟಿ. ‘ಹಿಂದಿನ ವರ್ಷದ ದಾಖಲಾತಿ ತೋರಿಸುತ್ತೇವೆ’ ಎಂಬ ಭರವಸೆ. ‘ಪರೀಕ್ಷೆಗೆ ನೀವು ಬರಬೇಕಿಲ್ಲ’ ಎಂಬ ಮಾತು. ಫೀಯನ್ನು ವಿಶ್ವವಿದ್ಯಾಲಯದ ಖಾತೆಗೆ ಬಿಟ್ಟು ಯಾರದೋ ಮೊಬೈಲ್ ನಂಬರಿಗೆ ಕಳಿಸಿ ಎನ್ನುವುದು. ಮೂರು ವರ್ಷದ ಪದವಿಯನ್ನು ಒಂದು ವರ್ಷದಲ್ಲಿ ಕೊಡುವ ಅಧಿಕಾರ ಈ ದೇಶದಲ್ಲಿ ಯಾರಿಗೂ ಇಲ್ಲ. ಇಂಥ ಅಂಕಪಟ್ಟಿ ಸಿಂಧುತ್ವ ಪರಿಶೀಲನೆಯಲ್ಲಿ ಸಿಕ್ಕಿಬಿದ್ದರೆ ಕೆಲಸದ ಜೊತೆಗೆ ಕ್ರಿಮಿನಲ್ ಕೇಸೂ ತಲೆಗೆ ಬರುತ್ತದೆ.

ಆರನೆಯದು: ದಾಖಲೆ, ಅದರಲ್ಲೂ ಹೆಸರು

2024-25ರ ಶೈಕ್ಷಣಿಕ ವರ್ಷದಿಂದ ದೂರಶಿಕ್ಷಣಕ್ಕೂ ಆನ್‌ಲೈನ್ ಕೋರ್ಸಿಗೂ ಡಿಇಬಿ ಐಡಿ ಕಡ್ಡಾಯ. ಅದನ್ನು ಮಾಡಿಕೊಳ್ಳುವ ಕ್ರಮ ಹೀಗೆ: ಮೊದಲು ಆಧಾರ್‌ಗೆ ಮೊಬೈಲ್ ನಂಬರ್ ಜೋಡಣೆಯಾಗಿದೆಯೋ ನೋಡಿ. ಆಮೇಲೆ ಡಿಜಿಲಾಕರ್ ಮೂಲಕ, ಗಳಿಸಿದ ಕ್ರೆಡಿಟ್‌ಗಳನ್ನು ಜಮಾ ಇಡುವ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನ ಎಬಿಸಿ ಐಡಿ ಪಡೆಯಿರಿ. ಅದನ್ನು ಹಾಕಿ ಡಿಇಬಿ ಜಾಲತಾಣದಲ್ಲಿ ಡಿಇಬಿ ಐಡಿ ಸೃಷ್ಟಿಸಿ. ಕೊನೆಗೆ ಆ ಸಂಖ್ಯೆಯೊಂದಿಗೆ ವಿಶ್ವವಿದ್ಯಾಲಯದ ಪ್ರವೇಶ ಪುಟಕ್ಕೆ ಹೋಗಿ. ಎಲ್ಲವೂ ಸರಿಯಿದ್ದರೆ ಅರ್ಧ ಗಂಟೆಯ ಕೆಲಸ.

ಸರಿ ಇಲ್ಲದೇ ಇರುವುದೇ ಹೆಚ್ಚು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಮಂಜುಳಾ ಎಸ್’ ಎಂದಿರುತ್ತದೆ. ಆಧಾರ್‌ನಲ್ಲಿ ‘ಮಂಜುಳ ಶಿವಣ್ಣ’, ಮದುವೆಯ ನಂತರ ತಿದ್ದಿಸಿದ್ದರೆ ಗಂಡನ ಹೆಸರು. ಇಂಗ್ಲಿಷ್‌ನಲ್ಲಿ ಒಂದು ಕಡೆ ಕೊನೆಯಲ್ಲಿ ಒಂದು ‘ಎ’, ಇನ್ನೊಂದು ಕಡೆ ಎರಡು. ಇನಿಷಿಯಲ್ ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ, ಮಧ್ಯೆ ಒಂದು ಚುಕ್ಕಿ. ಎಬಿಸಿ ಐಡಿ ಆಧಾರ್‌ನ ಹೆಸರನ್ನೇ ಎತ್ತಿಕೊಳ್ಳುತ್ತದೆ, ವಿಶ್ವವಿದ್ಯಾಲಯ ಎಸ್ಸೆಸ್ಸೆಲ್ಸಿಯ ಹೆಸರು ಕೇಳುತ್ತದೆ. ಇವೆರಡರ ನಡುವೆ ಅರ್ಜಿ ಸಿಕ್ಕಿಕೊಳ್ಳುತ್ತದೆ.

ಇದಕ್ಕೆ ಮದ್ದು, ಅಂಕಪಟ್ಟಿಯನ್ನು ಮುಟ್ಟದೆ ಆಧಾರನ್ನೇ ಅಂಕಪಟ್ಟಿಗೆ ಹೊಂದಿಸುವುದು. ಎಸ್ಸೆಸ್ಸೆಲ್ಸಿ ದಾಖಲೆ ತಿದ್ದಿಸುವುದು ಉದ್ದದ ಹಾದಿ, ಆಧಾರ್ ತಿದ್ದಿಸುವುದು ಕೇಂದ್ರದಲ್ಲಿ ಒಂದು ದಿನದ ಓಡಾಟ. ಆದರೆ ಆಧಾರ್‌ನಲ್ಲಿ ಹೆಸರು ಬದಲಿಸಲು ಸಾಮಾನ್ಯವಾಗಿ ಎರಡೇ ಅವಕಾಶ, ಹುಟ್ಟಿದ ದಿನಾಂಕಕ್ಕೆ ಒಂದೇ. ಹಾಗಾಗಿ ಕೇಂದ್ರದವರು ಟೈಪ್ ಮಾಡಿದ್ದನ್ನು ಪರದೆಯ ಮೇಲೆ ಒಂದೊಂದೇ ಅಕ್ಷರ ಕೂಡಿಸಿ ಓದಿ, ಅಂಕಪಟ್ಟಿಯನ್ನು ಪಕ್ಕದಲ್ಲಿಟ್ಟು ತಾಳೆ ನೋಡಿ, ಆಮೇಲೆ ಒಪ್ಪಿ. ಪ್ರವೇಶ ಶುರುವಾಗುವುದಕ್ಕೆ ಎರಡು ತಿಂಗಳ ಮುಂಚೆಯೇ ಈ ಕೆಲಸ ಮುಗಿದಿರಲಿ.

ಉಳಿದಂತೆ ಒಂದು ಫೈಲಿನಲ್ಲಿ ಇವು ಇರಲಿ:

- ಎಸ್ಸೆಸ್ಸೆಲ್ಸಿ, ಪಿಯುಸಿ ಮೂಲ ಅಂಕಪಟ್ಟಿ, ಪದವಿ ಆಗಿದ್ದರೆ ಎಲ್ಲ ಸೆಮಿಸ್ಟರಿನದೂ
- ಕೊನೆಯ ಕಾಲೇಜಿನ ಟಿ.ಸಿ, ಹೊರರಾಜ್ಯ ಅಥವಾ ಬೇರೆ ಮಂಡಳಿಯವರಿಗೆ ವಲಸೆ ಪ್ರಮಾಣಪತ್ರ
- ಮೀಸಲಾತಿ, ಶುಲ್ಕ ರಿಯಾಯಿತಿ ಕೇಳುವವರಿಗೆ ಆರ್‌ಡಿ ಸಂಖ್ಯೆಯಿರುವ ಜಾತಿ-ಆದಾಯ ಪ್ರಮಾಣಪತ್ರ, ಅವಧಿ ಮೀರದೇ ಇರುವಂಥದ್ದು
- ಇತ್ತೀಚಿನ ಭಾವಚಿತ್ರ ಮತ್ತು ಸಹಿಯ ಸ್ಕ್ಯಾನ್, ಜಾಲತಾಣ ಹೇಳಿದ ಕೆಬಿ ಗಾತ್ರದಲ್ಲಿ

ಸೈಬರ್ ಸೆಂಟರ್‌ನಲ್ಲಿ ಅರ್ಜಿ ತುಂಬಿಸಿದರೂ ಮೊಬೈಲ್ ನಂಬರ್ ಮತ್ತು ಇ-ಮೇಲ್ ನಿಮ್ಮದೇ ಇರಲಿ. ಅಂಗಡಿಯವರು ಅವಸರದಲ್ಲಿ ತಮ್ಮ ಇ-ಮೇಲ್ ಹಾಕಿ ಕಳಿಸಿಬಿಡುತ್ತಾರೆ. ಮುಂದಿನ ಮೂರು ವರ್ಷ ಪರೀಕ್ಷೆಯ ಸುದ್ದಿ, ಹಾಲ್ ಟಿಕೆಟ್, ಪಾಸ್‌ವರ್ಡ್ ಎಲ್ಲ ಅವರ ಪೆಟ್ಟಿಗೆಗೇ ಹೋಗಿ ಬೀಳುತ್ತವೆ.

ಏಳನೆಯದು: ಹಣ

ಪ್ರವೇಶ ಶುಲ್ಕ ನೋಡಿ ಇಷ್ಟೇನಾ ಎಂದು ಸೇರಬೇಡಿ. ಪೂರ್ತಿ ಕೋರ್ಸಿನ ಖರ್ಚನ್ನು ಬರೆಯಿರಿ: ಪ್ರತಿ ವರ್ಷದ ಶುಲ್ಕ, ಇಗ್ನೋದಲ್ಲಿ ಪ್ರತಿ ಪತ್ರಿಕೆಗೆ ಪ್ರತ್ಯೇಕವಾಗಿ ಕಟ್ಟುವ ಪರೀಕ್ಷಾ ಶುಲ್ಕ, ಫೇಲಾದರೆ ಮತ್ತೆ ಕಟ್ಟುವುದು, ಪ್ರಾಯೋಗಿಕ ತರಗತಿಯ ಶುಲ್ಕ, ಕೊನೆಯಲ್ಲಿ ಘಟಿಕೋತ್ಸವ ಪ್ರಮಾಣಪತ್ರದ ಶುಲ್ಕ, ಪರೀಕ್ಷಾ ಕೇಂದ್ರಕ್ಕೆ ಓಡಾಟ, ಆ ದಿನಗಳ ಕೂಲಿ ಕಡಿತ. ದಿನಗೂಲಿಯವರಿಗೆ ಎಂಟು ಪತ್ರಿಕೆ ಎಂದರೆ ಎಂಟು ದಿನದ ಸಂಪಾದನೆ, ಶುಲ್ಕದಷ್ಟೇ ಭಾರ ಅದು. ಕರ್ನಾಟಕದ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಪ್ರಯಾಣ ಉಚಿತ, ಹಾಗಾಗಿ ಜಿಲ್ಲಾ ಕೇಂದ್ರದ ಭಾನುವಾರದ ತರಗತಿಗೆ ಹೋಗಿಬರುವುದು ಹಗುರಾಗಿದೆ.

ರಿಯಾಯಿತಿಯನ್ನು ಬಾಯಿಬಿಟ್ಟು ಕೇಳಿ. ಬಿಪಿಎಲ್ ಕುಟುಂಬದ ಮಹಿಳೆಯರು, ಆಟೊ-ಕ್ಯಾಬ್ ಚಾಲಕರ ಕುಟುಂಬದವರು, ಮಾಜಿ ಸೈನಿಕರು, ಲಿಂಗತ್ವ ಅಲ್ಪಸಂಖ್ಯಾತರು ಇಂಥವರಿಗೆ ಕೆಎಸ್‌ಒಯು ಶುಲ್ಕ ಇಳಿಸಿದ್ದುಂಟು. ಈ ವರ್ಷದ ಪ್ರಮಾಣ ಎಷ್ಟೆಂಬುದು ಪ್ರಾಸ್ಪೆಕ್ಟಸ್‌ನಲ್ಲಿರುತ್ತದೆ. ಅರ್ಜಿ ಹಾಕುವಾಗಲೇ ಆ ಕಾಲಂ ತುಂಬಬೇಕು, ಪೂರ್ತಿ ಶುಲ್ಕ ಕಟ್ಟಿದ ಮೇಲೆ ಹಿಂದಕ್ಕೆ ಪಡೆಯುವುದು ಕಷ್ಟ.

ಎಂಟನೆಯದು: ಸೇರಿದ ಮೇಲೆ ಎಲ್ಲಿ ಎಡವುತ್ತಾರೆ

ದೂರಶಿಕ್ಷಣದ ಪ್ರವೇಶ ವರ್ಷಕ್ಕೆ ಎರಡು ಆವೃತ್ತಿಯಲ್ಲಿ ನಡೆಯುತ್ತದೆ, ಜನವರಿ ಮತ್ತು ಜುಲೈ. ಕೊನೆಯ ದಿನಾಂಕ ಮುಂದೆ ಹೋಗುತ್ತದೆ ಎಂಬ ನಂಬಿಕೆ ಊರಿಗೆಲ್ಲ ಇದೆ, ಹೋಗುವುದೂ ಉಂಟು. ಆದರೆ ತಡವಾಗಿ ಸೇರಿದವರಿಗೆ ಪುಸ್ತಕವೂ ತಡವಾಗಿ ಬರುತ್ತದೆ, ಅಸೈನ್‌ಮೆಂಟಿನ ಕೊನೆಯ ದಿನ ಮಾತ್ರ ಅವರಿಗಾಗಿ ಕಾಯುವುದಿಲ್ಲ.

ಇಗ್ನೋದ ಹೆಚ್ಚಿನ ಕೋರ್ಸುಗಳಲ್ಲಿ ಅಸೈನ್‌ಮೆಂಟಿಗೆ ಶೇ 30, ಜೂನ್ ಅಥವಾ ಡಿಸೆಂಬರಿನ ಪರೀಕ್ಷೆಗೆ ಶೇ 70. ಎರಡರಲ್ಲೂ ಪಾಸಾಗಬೇಕು. ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದೂ ಅಸೈನ್‌ಮೆಂಟ್ ಕೊಡದ ಕಾರಣಕ್ಕೆ ಪತ್ರಿಕೆ ಅಪೂರ್ಣವಾಗಿ ಉಳಿದವರು ಬಹಳ. ಪ್ರಶ್ನೆಗಳು ವರ್ಷ ವರ್ಷವೂ ಬದಲಾಗುತ್ತವೆ. ಪರಿಚಿತರು ಕೊಟ್ಟ ಹಿಂದಿನ ವರ್ಷದ ಪ್ರಶ್ನೆಗೆ ಉತ್ತರ ಬರೆದು ಕೊಟ್ಟರೆ ತಿರಸ್ಕರಿಸುತ್ತಾರೆ. ಜಾಲತಾಣದಿಂದ ನಿಮ್ಮ ಆವೃತ್ತಿಯದನ್ನೇ ಇಳಿಸಿ, ಎ4 ಹಾಳೆಯಲ್ಲಿ ಕೈಯಲ್ಲೇ ಬರೆಯಿರಿ. ಪ್ರತಿ ಪತ್ರಿಕೆಗೂ ಬೇರೆ ಕಟ್ಟು ಇರಲಿ, ಮೊದಲ ಪುಟದಲ್ಲಿ ನೋಂದಣಿ ಸಂಖ್ಯೆ, ಕೋರ್ಸ್ ಕೋಡ್, ಅಧ್ಯಯನ ಕೇಂದ್ರದ ಕೋಡ್, ಸಹಿ ಇರಲಿ. ಕೊಡುವ ಮುಂಚೆ ಪ್ರತಿ ಪುಟದ ಫೋಟೊ ತೆಗೆದಿಡಿ, ಕೊಟ್ಟದ್ದಕ್ಕೆ ಸ್ವೀಕೃತಿ ಕೇಳಿ ಪಡೆಯಿರಿ. ಅಂಕ ಜಾಲತಾಣದಲ್ಲಿ ಏರದೇ ಇದ್ದಾಗ ಕೈಹಿಡಿಯುವುದು ಆ ಸ್ವೀಕೃತಿ ಒಂದೇ. ಒಂದು ಅಸೈನ್‌ಮೆಂಟ್‌ಗೆ ಐದಾರು ಗಂಟೆ ಹಿಡಿಯುತ್ತದೆ, ಒಂದು ಭಾನುವಾರಕ್ಕೆ ಒಂದರಂತೆ ಇಟ್ಟುಕೊಂಡರೆ ಎಂಟು ಪತ್ರಿಕೆಗೆ ಎರಡು ತಿಂಗಳು. ಇಡೀ ಪುಸ್ತಕ ಓದಿ ಮುಗಿಸಿಯೇ ಬರೆಯುತ್ತೇನೆ ಎಂದು ಕೂತವರು ಬರೆಯುವುದೇ ಇಲ್ಲ. ಪ್ರಶ್ನೆ ನೋಡಿ, ಆ ಘಟಕ ಓದಿ, ಅವತ್ತೇ ಬರೆಯಿರಿ, ಪರೀಕ್ಷೆಯ ಓದು ಅಲ್ಲೇ ಅರ್ಧ ಮುಗಿದಿರುತ್ತದೆ.

ಎರಡನೆಯ ದೊಡ್ಡ ಎಡವಟ್ಟು ಮರುನೋಂದಣಿ. ಮೊದಲ ವರ್ಷದ ಫಲಿತಾಂಶ ಬರಲಿ, ಆಮೇಲೆ ಎರಡನೆಯ ವರ್ಷದ ಫೀ ಕಟ್ಟೋಣ ಎಂದು ಕಾಯುತ್ತಾರೆ. ಇಗ್ನೋದಲ್ಲಿ ಫಲಿತಾಂಶಕ್ಕೂ ಮುಂದಿನ ವರ್ಷದ ನೋಂದಣಿಗೂ ಸಂಬಂಧವಿಲ್ಲ. ಫೇಲಾದರೂ ನೋಂದಾಯಿಸಿಕೊಳ್ಳಬಹುದು, ಕೊನೆಯ ದಿನ ತಪ್ಪಿದರೆ ಮುಂದಿನ ಆವೃತ್ತಿಯವರೆಗೆ ಸುಮ್ಮನೆ ಕಾಯಬೇಕಾಗುತ್ತದೆ. ಪರೀಕ್ಷಾ ಅರ್ಜಿಯೂ ಬೇರೆ, ಅದು ತಾನಾಗಿ ಆಗುವುದಿಲ್ಲ. ಈ ದಿನಾಂಕಗಳನ್ನು ಮೊಬೈಲಿನಲ್ಲೂ ಅಡುಗೆಮನೆಯ ಕ್ಯಾಲೆಂಡರಿನಲ್ಲೂ ಗುರುತು ಹಾಕಿ, ಮನೆಯವರಿಗೂ ಕಾಣಲಿ.

ಶನಿವಾರ, ಭಾನುವಾರದ ಸಂಪರ್ಕ ತರಗತಿಗೆ ಪ್ರಾಯೋಗಿಕ ವಿಷಯಗಳನ್ನು ಬಿಟ್ಟರೆ ಸಾಮಾನ್ಯವಾಗಿ ಕಡ್ಡಾಯವಿಲ್ಲ. ಆದರೂ ಮೊದಲ ಎರಡು ತರಗತಿಗೆ ತಪ್ಪದೆ ಹೋಗಿ. ಪಾಠಕ್ಕಿಂತ ಹೆಚ್ಚಾಗಿ ಅದೇ ಊರಿನ ಇಬ್ಬರು ಮೂವರು ಸಹಪಾಠಿಗಳ ನಂಬರ್ ಸಿಗುತ್ತದೆ. ದೂರಶಿಕ್ಷಣದಲ್ಲಿ ಸುದ್ದಿ ಮುಟ್ಟುವುದು ಅವರ ಮೂಲಕವೇ.

ಪದವಿಯೇ ಬೇಕೆಂದಿಲ್ಲದವರಿಗೆ

ಕೇಂದ್ರ ಸರ್ಕಾರದ ಆನ್‌ಲೈನ್ ಪಾಠಗಳ ‘ಸ್ವಯಂ’ ವೇದಿಕೆಯಲ್ಲಿ ಪಾಠ ಕೇಳುವುದು ಉಚಿತ, ಪರೀಕ್ಷೆ ಬರೆದು ಪ್ರಮಾಣಪತ್ರ ಬೇಕಾದರೆ ಮಾತ್ರ ಶುಲ್ಕ. ಅಲ್ಲಿ ಐಐಟಿಗಳು ಸೇರಿ ನಡೆಸುವ ಎನ್‌ಪಿಟಿಇಎಲ್ ಕೋರ್ಸುಗಳು ಹೆಚ್ಚಾಗಿ 8 ಅಥವಾ 12 ವಾರದವು. ವಾರದ ಅಸೈನ್‌ಮೆಂಟಿಗೆ 25, ಪರೀಕ್ಷೆಗೆ 75 ಅಂಕ, ಕ್ರಮವಾಗಿ 10 ಮತ್ತು 30 ಬಂದರೆ ಪ್ರಮಾಣಪತ್ರ. ಒಂದೆರಡು ವಾರ ತಪ್ಪಿದರೂ ತೊಂದರೆಯಿಲ್ಲ. 8 ವಾರದ ಕೋರ್ಸಿನಲ್ಲಿ ಒಳ್ಳೆಯ ಆರನ್ನು, 12 ವಾರದ್ದರಲ್ಲಿ ಎಂಟನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಕೆಲಸದಲ್ಲಿರುವವರಿಗೆ ಹೇಳಿ ಮಾಡಿಸಿದಂಥ ನಿಯಮ ಇದು.

ಗೊಬ್ಬರ, ಕೀಟನಾಶಕದ ಅಂಗಡಿ ಇಟ್ಟವರಿಗೆ ದೇಸಿ ಎಂಬ ಒಂದು ವರ್ಷದ ಡಿಪ್ಲೊಮಾ ಇದೆ. ಹೈದರಾಬಾದಿನ ಮ್ಯಾನೇಜ್ ಸಂಸ್ಥೆ ರೂಪಿಸಿದ್ದು. 48 ವಾರದಲ್ಲಿ 40 ತರಗತಿ, 8 ಕ್ಷೇತ್ರ ಭೇಟಿ. ತರಗತಿ ಭಾನುವಾರ ಅಥವಾ ಸಂತೆಯ ರಜಾ ದಿನ, ಅಂಗಡಿ ಮುಚ್ಚಬೇಕಿಲ್ಲ. ಜಿಲ್ಲೆಯ ಕೃಷಿ ಇಲಾಖೆಯಲ್ಲೋ ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲೋ ವಿಚಾರಿಸಿ. ರೈತರಿಗೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ದೂರ ಶಿಕ್ಷಣ ಘಟಕ ಕನ್ನಡದಲ್ಲೇ ಕೋರ್ಸು ನಡೆಸುತ್ತದೆ. ಕಚೇರಿ ಕೆಲಸ ಹುಡುಕುವವರಿಗೆ ಕನ್ನಡ, ಇಂಗ್ಲಿಷ್ ಬೆರಳಚ್ಚಿನ ಜೂನಿಯರ್, ಸೀನಿಯರ್ ಪರೀಕ್ಷೆಗಳು ಇಂದಿಗೂ ಬೆಲೆಯುಳ್ಳವು, ದಿನಕ್ಕೆ ಒಂದು ಗಂಟೆ ಕೊಟ್ಟರೆ ಸಾಕು. ಸ್ವಂತ ಉದ್ಯೋಗದ ಯೋಚನೆ ಇದ್ದರೆ 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟಿಯ ಮಾದರಿಯಲ್ಲಿ ಜಿಲ್ಲೆಗೊಂದರಂತೆ ಇರುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಲ್ಲಿ (ಆರ್‌ಸೆಟಿ) ಕೆಲವು ದಿನಗಳಿಂದ ಕೆಲವು ವಾರಗಳವರೆಗಿನ ತರಬೇತಿ ಸಿಗುತ್ತದೆ. ಊಟ, ವಸತಿ, ಪಾಠ ಎಲ್ಲವೂ ಉಚಿತ. ಮೊಬೈಲ್ ರಿಪೇರಿ, ಹೊಲಿಗೆ, ಹೈನುಗಾರಿಕೆ ಕಲಿಯಲು ಮೂರು ವರ್ಷದ ಪದವಿ ಬೇಕಿಲ್ಲ.

ಪಾಸಾದ ಮೇಲೆ

ಫಲಿತಾಂಶ ಬಂದ ಕೂಡಲೇ ತಾತ್ಕಾಲಿಕ ಪದವಿ ಪ್ರಮಾಣಪತ್ರ, ಎಲ್ಲ ವರ್ಷದ ಮೂಲ ಅಂಕಪಟ್ಟಿ ಮತ್ತು ವಲಸೆ ಪ್ರಮಾಣಪತ್ರಕ್ಕೆ ಒಂದೇ ಸಲ ಅರ್ಜಿ ಕೊಡಿ. ವರ್ಷ ಕಳೆದ ಮೇಲೆ ಒಂದೊಂದಕ್ಕೂ ಬೇರೆ ಬೇರೆ ಓಡಾಡಬೇಕಾಗುತ್ತದೆ. ಘಟಿಕೋತ್ಸವಕ್ಕೆ ಹೋಗಲಾಗದವರು ಪದವಿ ಪ್ರಮಾಣಪತ್ರವನ್ನು ಅಂಚೆಯಲ್ಲಿ ತರಿಸಿಕೊಳ್ಳಲು ಗೈರುಹಾಜರಿ ಅರ್ಜಿ ಹಾಕಬೇಕು, ಆಗ ವಿಳಾಸದಲ್ಲಿ ಪಿನ್‌ಕೋಡ್ ಸರಿಯಿದೆಯೋ ಎರಡು ಸಲ ನೋಡಿ. ಲ್ಯಾಮಿನೇಷನ್ ಮಾಡಿಸಬೇಡಿ. ಮುದ್ರೆ, ಹೊಲೊಗ್ರಾಂ ಪರಿಶೀಲಿಸಲು ಆಗದೆಂದು ಕೆಲವು ಕಚೇರಿಗಳು ಅದನ್ನು ಒಪ್ಪುವುದಿಲ್ಲ. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಫೀ ಕಟ್ಟಿದ ದಿನ ತೆಗೆದಿಟ್ಟ ಡಿಇಬಿ ಪುಟದ ಪ್ರಿಂಟನ್ನು ಅದರ ಹಿಂದೆಯೇ ಸೇರಿಸಿಡಿ.